ಹಿತ್ತಲಿನ ಗಿಡ, ಪಡಿತರದ ಚೀಲ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಹಿತ್ತಲಿನಲ್ಲಿ ಇರುವುದಕ್ಕೆ ಬೆಲೆಯಿಲ್ಲ ಎಂಬುದು ಅದರ ತಾತ್ಪರ್ಯ. ಹಿತ್ತಲಿಗೆ ಇತಿಹಾಸವೂ ಇಲ್ಲವೆಂದೇ ಪಾಠದ ಪುಸ್ತಕಗಳ ಭಾವನೆ. ಅಲ್ಲಿ ಕದನಗಳಿವೆ, ಒಪ್ಪಂದಗಳಿವೆ. ದೊಡ್ಡವರು ದೂರದಲ್ಲಿ ಮಾಡಿಕೊಂಡ ಒಪ್ಪಂದವೊಂದರ ಹೆಸರು ನಮ್ಮ ಹಿತ್ತಲಿನ ಕಳೆಗೆ ಅಂಟಿಕೊಂಡ ಕಥೆ ಮಾತ್ರ ಅಲ್ಲಿಲ್ಲ.

ಕಳೆದ ದಸರಾ ರಜೆಯಲ್ಲಿ ಊರಿನ ಮನೆಯ ಹಿತ್ತಲನ್ನು ಹಸನು ಮಾಡಿಸುವ ಕೆಲಸ ಹಿಡಿದೆ. ಬೆಳಿಗ್ಗೆ ಗಿರಣಿಗೆ ರಾಗಿ ಕೊಟ್ಟು, ಕುಡುಗೋಲಿಗೆ ಸಾಣೆ ಹಿಡಿಸಿಕೊಂಡು ಬರುವ ಹೊತ್ತಿಗೆ ಕೆಲಸಕ್ಕೆ ಹೇಳಿದ್ದ ಹೆಂಗಸು ಬಂದಿದ್ದಳು. ಬಾವಿಕಟ್ಟೆಯಿಂದ ಬೇಲಿಯವರೆಗೂ ಎದೆಯೆತ್ತರಕ್ಕೆ ಕಾಂಗ್ರೆಸ್ ಗಿಡ. ಮೇಲೆ ಸಣ್ಣ ಸಣ್ಣ ಬಿಳಿಯ ಹೂ. ಒಂದನ್ನು ಕೀಳಲು ನಾನು ಬಗ್ಗಿದೆ.

“ಬರೀ ಕೈಲಿ ಮುಟ್ಟಬೇಡಿ ಟೀಚರಮ್ಮ, ನನ್ನ ಕೈ ನೋಡಿ” ಎಂದಳು. ಬೆರಳ ಸಂದಿಯಲ್ಲಿ ಚರ್ಮ ಬಿರಿದು ಕಪ್ಪಾಗಿತ್ತು. ವರ್ಷಗಟ್ಟಲೆ ಹೊಲ, ಹಿತ್ತಲುಗಳಲ್ಲಿ ಈ ಗಿಡ ಕಿತ್ತದ್ದರ ಫಲ. ಪಾರ್ಥೇನಿಯಂ ಎಂಬುದು ಇದರ ಶಾಸ್ತ್ರೀಯ ಹೆಸರು. ಮುಟ್ಟಿದವರಲ್ಲಿ ಹಲವರಿಗೆ ಚರ್ಮರೋಗ, ಇದರ ಪರಾಗದಿಂದ ಕೆಲವರಿಗೆ ಉಬ್ಬಸ. ಮೇದ ಹಸುವಿನ ಹಾಲೂ ಕಹಿ.

ಇದರ ತವರು ಅಮೆರಿಕ ಖಂಡದ ಉಷ್ಣ ಸೀಮೆ. ನಮ್ಮ ದೇಶದಲ್ಲಿ ಇದು ಜನರ ಗಮನಕ್ಕೆ ಬಂದದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಅಮೆರಿಕದ ಗೋಧಿಯ ಜೊತೆ ಬಂತು ಎಂಬ ಮಾತು ಊರೂರಲ್ಲೂ ಇದೆ. ಪಿ.ಎಲ್. 480 ಎಂಬ ಕಾನೂನು ಅಮೆರಿಕದಲ್ಲಿ ಆದದ್ದು 1954ರಲ್ಲಿ. ಅದರಡಿ ರೂಪಾಯಿಯಲ್ಲೇ ಬೆಲೆ ಕೊಟ್ಟು ಗೋಧಿ ತರಿಸಿಕೊಳ್ಳಲು ಭಾರತ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟ್‌ನಲ್ಲಿ. ಈ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ: ಗಿಡ ಕಣ್ಣಿಗೆ ಬಿದ್ದದ್ದು ಮೊದಲು, ಒಪ್ಪಂದ ಆಮೇಲೆ! ಆದರೆ 1951ರಲ್ಲೂ ಅಮೆರಿಕದ ಗೋಧಿ ಸಾಲವಾಗಿ ಬಂದಿತ್ತು. ಆದ್ದರಿಂದ ಗೋಧಿಯ ಮೇಲಿನ ಅನುಮಾನ ಪೂರ್ತಿ ಹೋಗುವುದಿಲ್ಲ, ಪಿ.ಎಲ್. 480 ಒಂದನ್ನೇ ಕಟಕಟೆಯಲ್ಲಿ ನಿಲ್ಲಿಸುವುದೂ ನ್ಯಾಯವಲ್ಲ.

ಆ ಗೋಧಿಯನ್ನು ಹಳಿಯುವುದು ನನ್ನಿಂದಾಗದು. 1965 ಮತ್ತು 1966ರಲ್ಲಿ ಮೇಲಿಂದ ಮೇಲೆ ಮಳೆ ಕೈಕೊಟ್ಟಿತು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡಿದ್ದರು. “ನಾವು ವಾರದಲ್ಲಿ ಎಷ್ಟು ಹೊತ್ತು ಬಿಟ್ಟಿದ್ದೆವೋ, ಲೆಕ್ಕ ಇಟ್ಟವರು ಯಾರು?” ಎನ್ನುತ್ತಿದ್ದರು ನಮ್ಮ ಅಮ್ಮ. ಸೊಸೈಟಿಯ ಮುಂದೆ ಸಾಲುಗಟ್ಟಿ ನಿಂತು ತಂದ ಗೋಧಿಯನ್ನು ಮೊರದಲ್ಲಿ ಕೇರಿ, ಕಸಕಡ್ಡಿಯನ್ನು ಹಿತ್ತಲಿಗೆ ಚೆಲ್ಲುತ್ತಿದ್ದರಂತೆ. ರಾಗಿಮುದ್ದೆ ಉಂಡು ಬೆಳೆದ ಮನೆಯವರಿಗೆ ಗೋಧಿ ಏನು ಮಾಡಬೇಕೆಂದೇ ತಿಳಿಯದು. ರೊಟ್ಟಿ ತಟ್ಟಿ, ನುಚ್ಚು ಮಾಡಿ, ಹೇಗೋ ಮಕ್ಕಳ ಹೊಟ್ಟೆ ತುಂಬಿಸಿದರು. ಹಸಿವಿನ ಕಾಲಕ್ಕೆ ಆದದ್ದು ಉಪಕಾರವೇ. ಆದರೆ ಗೋಧಿಯ ಟನ್ನುಗಳನ್ನು ಬರೆದಿಟ್ಟ ಸರ್ಕಾರದ ಕಡತಗಳಲ್ಲಿ ಆ ಮೊರಗಳ ಸುದ್ದಿಯಿಲ್ಲ, ಕಳೆ ಕಿತ್ತು ಬಿರಿದ ಈ ಕೈಗಳ ಸುದ್ದಿಯೂ ಇಲ್ಲ.

ಮಧ್ಯಾಹ್ನ ಇಬ್ಬರೂ ಒಟ್ಟಿಗೇ ನ್ಯಾಯಬೆಲೆ ಅಂಗಡಿಗೆ ಹೋದೆವು. ಈಗ ಅಲ್ಲಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕಲ್ಲ. ಅವಳ ಬೆರಳ ಗೆರೆ ಮೂಡಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತಿದಳು, ಆಗಲೂ ಇಲ್ಲ. ಹಿಂದಿನವರು ಗೊಣಗತೊಡಗಿದರು. ಕೊನೆಗೆ ಎಡಗೈಯ ಉಂಗುರ ಬೆರಳು ಕೈ ಹಿಡಿಯಿತು, ಅಕ್ಕಿ ಸಿಕ್ಕಿತು. “ಕೆಲಸ ಮಾಡದ ಬೆರಳೇ ವಾಸಿ ನೋಡಿ” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಈ ಗಿಡಕ್ಕೆ ಮದ್ದನ್ನೂ ಅದರ ತವರಿನ ಕಡೆಯಿಂದಲೇ ತರಿಸಿದರು. ಎಲೆ ತಿನ್ನುವ ಪುಟ್ಟ ದುಂಬಿಯನ್ನು ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆ ಮೇಯುತ್ತದೆ, ಬೇಸಿಗೆಯಲ್ಲಿ ಮಣ್ಣು ಸೇರುತ್ತದೆ. ಅದೊಂದರಿಂದಲೇ ಗಿಡ ತೊಲಗಲಿಲ್ಲ. ಕೀಳುವ ಕೈಗಳು ಬೇಕೇ ಬೇಕು. ಒಂದೊಂದು ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆದ್ದರಿಂದ ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ ಬೇರುಸಮೇತ ಕೀಳಬೇಕು. ನಿಮ್ಮ ಮನೆಯ ಹಿಂದೆಯೋ ಪಕ್ಕದ ಖಾಲಿ ಸೈಟಿನಲ್ಲೋ ಇದು ಇದ್ದೇ ಇರುತ್ತದೆ. ಕೀಳಲು ಯಾರನ್ನಾದರೂ ಕರೆದರೆ, ಕೂಲಿ ಎಷ್ಟೆಂದು ಮಾತಾಡುವ ಮೊದಲು ಒಂದು ಜೊತೆ ಕೈಗವಸು ತಂದಿಡಿ. ಅದಕ್ಕೆ ತಗಲುವ ಖರ್ಚು ತೀರಾ ಕಡಿಮೆ.