ಕಣದಲ್ಲಿ ಎತ್ತಿನ ಹೆಜ್ಜೆ



ಸಂತ ಪೌಲರು ಸಂತ ಪೇತ್ರರನ್ನು ಎಲ್ಲರೆದುರಿಗೆ ಖಂಡಿಸಿದ ಪ್ರಸಂಗವನ್ನು ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ನೀವು ಓದಿರುತ್ತೀರಿ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನಾಂಗದ ವಿಶ್ವಾಸಿಗಳೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಯಕೋಬರ ಕಡೆಯಿಂದ ಕೆಲವರು ಬಂದೊಡನೆ ಅವರಿಗೆ ಅಂಜಿ ಹಿಂದೆ ಸರಿದರು. ಬಾರ್ನಬರೂ ಅದೇ ದಾರಿ ಹಿಡಿದರು. ಆಗ ಪೌಲರು ಮುಖಾಮುಖಿ ನಿಂತು ತಪ್ಪನ್ನು ಎತ್ತಿ ಹೇಳಿದರು. ಪಂಕ್ತಿಭೇದದ ನೋವನ್ನು ಬಲ್ಲ ನಮ್ಮ ನಾಡಿನವರಿಗೆ ಇದರ ಗಂಭೀರತೆಯನ್ನು ವಿವರಿಸಬೇಕಾಗಿಲ್ಲ.

ಮುನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಈ ಪ್ರಸಂಗವನ್ನು ಕುರಿತೇ ಇಬ್ಬರು ಸಂತರ ನಡುವೆ ವಿವಾದವೆದ್ದಿತು. ಬೆತ್ಲೆಹೇಮಿನಲ್ಲಿ ನೆಲೆಸಿದ್ದ ಸಂತ ಜೆರೋಮರು ಸುಮಾರು 386ರಲ್ಲಿ ಆ ಪತ್ರಕ್ಕೆ ವ್ಯಾಖ್ಯಾನ ಬರೆದರು. ಪೇತ್ರರು ನಿಜವಾಗಿ ತಪ್ಪಿರಲಿಲ್ಲ, ಜನರ ಹಿತಕ್ಕಾಗಿ ಪ್ರೇಷಿತರಿಬ್ಬರೂ ಹಾಗೆ ನಟಿಸಿದರು ಎಂಬುದು ಅವರ ಅಭಿಪ್ರಾಯ. ಒರಿಜನ್ ಕೂಡ ಹಾಗೆಯೇ ಹೇಳಿದ್ದರು. ಕ್ರೈಸ್ತರ ವಿರೋಧಿಯಾದ ಪೋರ್ಫಿರಿ ಎಂಬ ತತ್ತ್ವಜ್ಞಾನಿ ಪ್ರೇಷಿತರ ಜಗಳವನ್ನು ಗೇಲಿ ಮಾಡಿದ್ದನು. ಹಿರಿಯರ ಗೌರವ ಉಳಿಸಬೇಕೆಂಬುದು ಜೆರೋಮರ ಆಶಯ. ಈ ಆಶಯ ನಮ್ಮ ಮನೆಗಳಿಗೂ ಗುರುನಿವಾಸಗಳಿಗೂ ಅಪರಿಚಿತವಲ್ಲ.

ಆಫ್ರಿಕದ ಹಿಪ್ಪೋ ಪಟ್ಟಣದಲ್ಲಿ ಆಗಿನ್ನೂ ಗುರುವಾಗಿದ್ದ ಸಂತ ಅಗಸ್ಟೀನರಿಗೆ ಇದು ಒಪ್ಪಿಗೆಯಾಗಲಿಲ್ಲ. ಶ್ರೀಗ್ರಂಥದಲ್ಲಿ ಒಂದು ಸುಳ್ಳಿಗೆ ಎಡೆಗೊಟ್ಟರೆ ಉಳಿದುದನ್ನು ನಂಬುವುದು ಹೇಗೆ ಎಂದು ಸುಮಾರು 395ರಲ್ಲಿ ಪತ್ರ ಬರೆದರು. ಅದನ್ನು ಒಯ್ಯಬೇಕಾದವರು ಹಡಗು ಹತ್ತುವ ಮುನ್ನವೇ ಧರ್ಮಾಧ್ಯಕ್ಷರಾಗಿ ಆಯ್ಕೆಯಾದರು; ಬಹುಬೇಗ ನಿಧನರೂ ಆದರು. ಎರಡನೆಯ ಪತ್ರವನ್ನು ಹೊತ್ತವರು ಸಮುದ್ರಯಾನಕ್ಕೆ ಹೆದರಿದರು. ಆದರೆ ಅದರ ಪ್ರತಿಗಳು ಇಟಲಿಯಲ್ಲಿ ಕೈಯಿಂದ ಕೈಗೆ ಹರಿದಾಡಿದವು. ತಮ್ಮನ್ನು ತಿದ್ದುವ ಪತ್ರ ತಮಗೆ ತಲುಪುವ ಮುನ್ನ ಊರೆಲ್ಲ ಓದಿತೆಂದರೆ ಯಾರಿಗೆ ತಾನೆ ಸಿಟ್ಟು ಬಾರದು? ಜೆರೋಮರು ಮೊದಲೇ ಮುಂಗೋಪಿಗಳು. ದಣಿದ ಎತ್ತು ಕಾಲನ್ನು ಇನ್ನೂ ಗಟ್ಟಿಯಾಗಿ ಊರುತ್ತದೆಂಬ ಗಾದೆಯನ್ನು ನೆನಪಿಸಿ, ಮುದುಕನನ್ನು ಕೆಣಕಬೇಡವೆಂದು ಎಚ್ಚರಿಸಿದರು.

ಆ ವೇಳೆಗೆ ಅಗಸ್ಟೀನರು ಧರ್ಮಾಧ್ಯಕ್ಷರಾಗಿದ್ದರು. ಜೆರೋಮರು ಗುರು ಮಾತ್ರ. ಅಧಿಕಾರದ ಮಾತಿನಿಂದ ಬಾಯಿ ಮುಚ್ಚಿಸಬಹುದಿತ್ತು. ಅವರು ಮಾಡಿದ್ದೇ ಬೇರೆ. ಎತ್ತಿನ ಮಾತನ್ನೇ ಹಿಡಿದು, ತಾವು ಪ್ರಭುವಿನ ಕಣದಲ್ಲಿ ದುಡಿಯುವ ಎತ್ತು, ನಾನು ತಪ್ಪಿದ್ದರೆ ನನ್ನ ಮೇಲೆ ಕಾಲೂರಿ ತುಳಿಯಿರಿ, ಹೊಟ್ಟು ಬೇರ್ಪಡುವುದಾದರೆ ಆ ಭಾರ ನನಗೆ ಭಾರವಲ್ಲ ಎಂಬರ್ಥದಲ್ಲಿ ಉತ್ತರಿಸಿದರು. ಕಣದಲ್ಲಿ ಹಂತಿ ಕಟ್ಟಿದ್ದನ್ನು ಕಂಡ ಹಿರಿಯರಿಗೆ ಈ ಚಿತ್ರ ಕೂಡಲೇ ಹೊಳೆದೀತು. ಒಮ್ಮೆ ನನ್ನ ಪ್ರಬೋಧನೆಯಲ್ಲಿನ ತಪ್ಪೊಂದನ್ನು ವೃದ್ಧರೊಬ್ಬರು ಪೂಜೆ ಮುಗಿದ ಮೇಲೆ ತೋರಿಸಿಕೊಟ್ಟಾಗ, ಮನಸ್ಸಿಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಮರ್ಥನೆ. ಆದ್ದರಿಂದಲೇ ಅಗಸ್ಟೀನರ ಆ ಪತ್ರ ಎಷ್ಟು ಕಷ್ಟದ್ದೆಂದು ಊಹಿಸಬಲ್ಲೆ.

ಹಾಗೆಂದು ಅವರು ವಾದವನ್ನು ಬಿಟ್ಟುಕೊಡಲಿಲ್ಲ. 405ರ ದೀರ್ಘ ಪತ್ರದಲ್ಲಿ ಪೇತ್ರರು ತಪ್ಪಿದ್ದು ನಿಜವೆಂದೇ ಸಾಧಿಸಿದರು. ಆದರೆ ಅವರ ಕಣ್ಣಿಗೆ ಪೇತ್ರರ ಗೌರವ ಇದರಿಂದ ಕುಂದಲಿಲ್ಲ. ತಮಗಿಂತ ನಂತರ ಬಂದವನ ತಿದ್ದುಪಡಿಯನ್ನು ಮೊದಲಿಗರಾದ ಪೇತ್ರರು ಸಹಿಸಿ ಸ್ವೀಕರಿಸಿದ್ದು, ಪೌಲರ ದಿಟ್ಟತನಕ್ಕಿಂತಲೂ ಅಪರೂಪದ ಮಾದರಿಯೆಂದು ಬರೆದರು. ಪೌಲರಂತೆ ಗದರಿಸಲು ನಮ್ಮಲ್ಲಿ ಸಿದ್ಧರಿರುವವರು ಬಹಳ. ಪೇತ್ರರ ಸ್ಥಾನದಲ್ಲಿ ನಿಲ್ಲಲು ಒಪ್ಪುವವರು ಎಷ್ಟು ಮಂದಿ?

ಜೆರೋಮರು ಸೋತೆನೆಂದು ಬಹಿರಂಗವಾಗಿ ಬರೆಯಲಿಲ್ಲ. ಆದರೆ 415ರಲ್ಲಿ ಪೆಲೇಜಿಯಸ್‌ನ ಅನುಯಾಯಿಗಳ ವಿರುದ್ಧ ಬರೆದ ಸಂವಾದದಲ್ಲಿ, ಪ್ರೇಷಿತರೂ ನಿರ್ದೋಷಿಗಳಲ್ಲ ಎಂಬುದಕ್ಕೆ ಪೇತ್ರರ ಇದೇ ಪ್ರಸಂಗವನ್ನು ಉದಾಹರಿಸಿದರು.

ಅಗಸ್ಟೀನರ ಸರದಿಯೂ ಬಂದಿತು. 426–27ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ತಾವು ಬರೆದ 93 ಕೃತಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಎಡವಿದ ಕಡೆಗಳನ್ನು ತಾವೇ ತಿದ್ದಿ ಪ್ರಕಟಿಸಿದರು. ಜೆರೋಮರು ಹೀಬ್ರೂ ಮೂಲದಿಂದ ಮಾಡಿದ ಬೈಬಲ್ ಅನುವಾದವನ್ನು ದೇವಾಲಯಗಳಲ್ಲಿ ಓದಬಾರದೆಂದು ಒಮ್ಮೆ ವಾದಿಸಿದವರೂ ಅವರೇ. ಅದೇ ವರ್ಷಗಳಲ್ಲಿ ಕ್ರೈಸ್ತ ಬೋಧನೆಯ ಕುರಿತ ತಮ್ಮ ಗ್ರಂಥವನ್ನು ಪೂರ್ಣಗೊಳಿಸುವಾಗ, ಪ್ರವಾದಿ ಆಮೋಸನ ವಾಕ್ಚಾತುರ್ಯಕ್ಕೆ ನಿದರ್ಶನವಾಗಿ ಆ ಅನುವಾದವನ್ನೇ ಬಳಸಿದರು. ಜೆರೋಮರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು.