ಎಂಟನೇ ಸೆಮಿಸ್ಟರ್‌ನ ಅಂಕಪಟ್ಟಿ ಮತ್ತು ಅಮೆರಿಕದ ಸೀಟು

ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಕಚೇರಿಗೆ ನಾನು 1984ರಲ್ಲಿ ಟೈಪಿಸ್ಟ್ ಆಗಿ ಸೇರಿದೆ, 2021ರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದೆ. ಮೇಜುಗಳು ಬದಲಾದರೂ ಒಂದು ಕೆಲಸ ಮಾತ್ರ ಕೊನೆಯವರೆಗೂ ನನ್ನ ಬಳಿಯೇ ಉಳಿಯಿತು. ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟ ಮಕ್ಕಳ ಟ್ರಾನ್ಸ್‌ಕ್ರಿಪ್ಟ್ ತಯಾರಿಸಿ ಕೊಡುವುದು. ಆ ಮಕ್ಕಳ ಮನೆಯವರು ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದ ಪ್ರಶ್ನೆಯೂ ಅಷ್ಟು ವರ್ಷ ಬದಲಾಗಲಿಲ್ಲ. "ಸಾರ್, ಅಡ್ಮಿಷನ್ ಲೆಟರ್ ಬಂದಾಗಿದೆ. ಈಗ ಲಾಸ್ಟ್ ಸೆಮ್‌ನಲ್ಲಿ ಪರ್ಸೆಂಟೇಜ್ ಇಳಿದ್ರೆ ಸೀಟು ಹೋಗ್ಬಿಡತ್ತಾ?"

ಈ ಭಯಕ್ಕೊಂದು ಚರಿತ್ರೆಯಿದೆ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಅವುಗಳಿಗೆ ಮಾದರಿಯಾಗಿದ್ದುದು ಲಂಡನ್ ವಿಶ್ವವಿದ್ಯಾನಿಲಯ. ಪಾಠ ಹೇಳುವುದು ಕಾಲೇಜು, ಪರೀಕ್ಷೆ ಮಾಡುವುದು ವಿಶ್ವವಿದ್ಯಾನಿಲಯ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಕ್ರಮೇಣ ಇದೇ ಪದ್ಧತಿ ಬೇರೂರಿತು. ಉತ್ತರ ಪತ್ರಿಕೆ ಬೇರೆ ಊರಿನ ಮೌಲ್ಯಮಾಪಕರ ಕೈಗೆ ಹೋಗಬೇಕು, ಅಂಕಗಳು ಪಟ್ಟಿಗೆ ಏರಬೇಕು, ಫಲಿತಾಂಶ ಮಂಜೂರಾಗಬೇಕು, ಆಮೇಲೆ ಅಂಕಪಟ್ಟಿ ಅಚ್ಚಾಗಬೇಕು. ಅಮೆರಿಕದಲ್ಲಿ ಪಾಠ ಮಾಡಿದ ಮೇಷ್ಟರೇ ಗ್ರೇಡ್ ಹಾಕುತ್ತಾರೆ. ಅಲ್ಲಿನ ವಿದ್ಯಾರ್ಥಿ ಮೇ ತಿಂಗಳಲ್ಲಿ ಪದವಿ ಮುಗಿಸಿದರೆ ಕೆಲವೇ ವಾರಗಳಲ್ಲಿ ಅವನ ಕಡೆಯ ಗ್ರೇಡುಗಳು ಕೈಸೇರುತ್ತವೆ. ನಮ್ಮ ಹುಡುಗ ಜೂನ್‌ನಲ್ಲಿ ಪರೀಕ್ಷೆ ಬರೆದು ಆಗಸ್ಟ್‌ವರೆಗೂ ಕಾಯುತ್ತ ಕೂರಬೇಕಿತ್ತು. ಅಲ್ಲಿ ತರಗತಿ ಶುರುವಾಗುವುದೂ ಆಗಸ್ಟ್ ಕೊನೆಯಲ್ಲೇ.

ಅರ್ಜಿ ಹೋಗುತ್ತಿದ್ದುದು ಡಿಸೆಂಬರ್, ಜನವರಿಯಲ್ಲಿ. ಆಗ ಕೈಯಲ್ಲಿದ್ದುದು ಆರು ಸೆಮಿಸ್ಟರ್‌ಗಳ ಅಂಕ. ಮಾರ್ಚ್ ಹೊತ್ತಿಗೆ ಅಲ್ಲಿಂದ ಪತ್ರ ಬರುತ್ತಿತ್ತು. ಅಸಿಸ್ಟೆಂಟ್‌ಶಿಪ್ ಸಿಕ್ಕಿದವರು ಏಪ್ರಿಲ್ 15ರ ಒಳಗೆ ಒಪ್ಪಿಗೆ ತಿಳಿಸಬೇಕು. ಅಮೆರಿಕದ ಬಹುಪಾಲು ಗ್ರಾಜುಯೇಟ್ ಸ್ಕೂಲುಗಳು ತಮ್ಮೊಳಗೇ ಒಪ್ಪಿಕೊಂಡ ದಿನಾಂಕ ಅದು. ನಮ್ಮ ಎಂಟನೇ ಸೆಮಿಸ್ಟರ್ ಪರೀಕ್ಷೆ ಅದಕ್ಕಿಂತ ಒಂದೂವರೆ ತಿಂಗಳಾದರೂ ಈಚೆಗೆ. ಎರಡೂ ಕಡೆಯವರು ಕೊನೆಯ ಅಂಕ ನೋಡದೆಯೇ ಮಾತು ಕೊಟ್ಟಿರುತ್ತಿದ್ದರು. ಅದಕ್ಕೇ ಆ ಪತ್ರದಲ್ಲಿ ಒಂದು ಷರತ್ತಿನ ಸಾಲು ಇರುತ್ತಿತ್ತು: ಪದವಿ ಪೂರ್ತಿಯಾಗಿದೆ ಎಂಬ ಅಂತಿಮ ದಾಖಲೆ ತಲುಪಬೇಕು. ಮನೆಯವರು ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಂದು ನನಗೆ ತೋರಿಸುತ್ತಿದ್ದರು.

ಟ್ರಾನ್ಸ್‌ಕ್ರಿಪ್ಟ್ ಮಾಡುವುದು ಆ ಕಾಲಕ್ಕೆ ಪೂರ್ತಿ ಕೈಕೆಲಸ. ಗೋದ್ರೆಜ್ ಟೈಪ್‌ರೈಟರ್‌ಗೆ ಕಾಲೇಜಿನ ಲೆಟರ್‌ಹೆಡ್ ಏರಿಸಿ, ವಿಷಯ, ಗರಿಷ್ಠ ಅಂಕ, ಪಡೆದ ಅಂಕ ಎಂದು ಕಲಂ ಬಿಟ್ಟುಕೊಂಡು ಒಂದೊಂದೇ ಸೆಮಿಸ್ಟರ್ ಹೊಡೆಯಬೇಕು. ಆಮೇಲೆ ಇನ್ನೊಬ್ಬರು ಮೂಲ ಅಂಕಪಟ್ಟಿ ಹಿಡಿದು ಗಟ್ಟಿಯಾಗಿ ಓದುವುದು, ನಾನು ಟಿಕ್ ಹಾಕುವುದು. ಪ್ರಿನ್ಸಿಪಾಲರ ಸಹಿಯಾದ ಮೇಲೆ ಲಕೋಟೆಗೆ ಹಾಕಿ ಅಂಟಿಸಿ, ಮಡಿಕೆಯ ಮೇಲೆ ಅಡ್ಡಲಾಗಿ ಇನ್ನೊಂದು ಸಹಿ, ಅದರ ಮೇಲೆ ದುಂಡು ಮೊಹರು, ಮೊಹರಿನ ಮೇಲೆ ಸೆಲೋಟೇಪು. ಸಹಿ ಅರ್ಧ ಲಕೋಟೆಯ ಮೇಲೆ, ಅರ್ಧ ಮಡಿಕೆಯ ಮೇಲೆ ಬರಬೇಕು. ತೆರೆದ ಲಕೋಟೆಗೆ ಅಲ್ಲಿ ಬೆಲೆಯಿರಲಿಲ್ಲ. ಹತ್ತು ಕಡೆ ಅರ್ಜಿ ಹಾಕುವ ಹುಡುಗನಿಗೆ ಇಂಥ ಹತ್ತು ಲಕೋಟೆ. ಜೆರಾಕ್ಸ್ ಬಂದ ಮೇಲೆ ಬೆರಳುಗಳಿಗೆ ಸ್ವಲ್ಪ ಬಿಡುವು ಸಿಕ್ಕಿತು.

ತಾಯಿ ತಂದೆಯರ ಪ್ರಶ್ನೆಗೆ ನಾನು ನೋಡಿದ್ದನ್ನೇ ಹೇಳುತ್ತಿದ್ದೆ. ಅಲ್ಲಿ ಆಯ್ಕೆ ಮಾಡುವವರು ವಿಭಾಗದ ಪ್ರಾಧ್ಯಾಪಕರು. ದಾಖಲೆ ಪರಿಶೀಲಿಸುವುದು ಗ್ರಾಜುಯೇಟ್ ಸ್ಕೂಲಿನ ಕಚೇರಿ. ಪ್ರಾಧ್ಯಾಪಕರು ಒಮ್ಮೆ ಆರಿಸಿಕೊಂಡ ಮೇಲೆ ನಾಲ್ಕು ಅಂಕ ಕಡಿಮೆಯಾಯಿತೆಂದು ಮತ್ತೆ ಕಡತ ಬಿಚ್ಚುವುದು ಅಪರೂಪ. ಕಚೇರಿ ಕೇಳುವುದು ಪದವಿ ಮುಗಿಯಿತೇ, ಒಟ್ಟು ಸರಾಸರಿ ತಮ್ಮ ಕನಿಷ್ಠ ಮಟ್ಟಕ್ಕಿಂತ ಮೇಲಿದೆಯೇ ಎಂದು. ಹಲವು ಕಡೆ ಆ ಮಟ್ಟ ಬಿ ಗ್ರೇಡ್, ಅಂದರೆ 4ಕ್ಕೆ 3. ಅಂಕ ತೀರಾ ಕುಸಿದಿದ್ದರೆ ಕಾರಣ ಕೇಳಬಹುದು. ಆದರೆ ಒಂದು ವಿಷಯ ಫೇಲಾದರೆ ಪದವಿಯೇ ಇಲ್ಲ. ಪದವಿಯಿಲ್ಲದೆ ಆ ಪತ್ರಕ್ಕೆ ಜೀವವಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಒಬ್ಬ ಹುಡುಗಿ ಕೊನೆಯ ಸೆಮಿಸ್ಟರ್‌ನಲ್ಲಿ ಜಾಂಡೀಸ್ ಹಿಡಿದು ಮಲಗಿಬಿಟ್ಟಳು. ಎದ್ದು ಬಂದು ಪರೀಕ್ಷೆ ಬರೆದಳು. 78ರ ಆಸುಪಾಸಿನಲ್ಲಿದ್ದವಳು 63ಕ್ಕೆ ಇಳಿದಳು. ಫಲಿತಾಂಶ ಬಂದ ದಿನವೇ ಅವಳು ಅಮೆರಿಕದಲ್ಲಿ ತಾನು ಸೇರಬೇಕಿದ್ದ ವಿಭಾಗಕ್ಕೆ ಫ್ಯಾಕ್ಸ್ ಕಳಿಸಿದಳು. ಕಾಯಿಲೆಯ ವಿಷಯ, ಅಂಕ, ಜೊತೆಗೆ ವೈದ್ಯರ ಸರ್ಟಿಫಿಕೇಟು, ಎಲ್ಲ ಸೇರಿ ಒಂದೇ ಪುಟ. ಮೂರನೇ ದಿನ ಕಾಲೇಜಿನ ಫ್ಯಾಕ್ಸ್‌ಗೆ ಉತ್ತರ ಬಂತು. ಆರೋಗ್ಯ ನೋಡಿಕೋ, ಆಗಸ್ಟ್‌ನಲ್ಲಿ ಸಿಗೋಣ ಎಂದು. ಆ ಥರ್ಮಲ್ ಕಾಗದದ ಅಕ್ಷರ ಬೇಗ ಮಾಸುತ್ತದೆಂದು ನಾನೇ ಅದಕ್ಕೊಂದು ಜೆರಾಕ್ಸ್ ತೆಗೆದುಕೊಟ್ಟೆ. ಹೀಗೆ ಮೊದಲೇ ತಾವಾಗಿ ತಿಳಿಸಿದವರ ಕೆಲಸ ಕೆಟ್ಟದ್ದನ್ನು ನಾನು ಕಾಣಲಿಲ್ಲ.

ಇಂಗ್ಲೆಂಡಿನ ಲೆಕ್ಕ ಬೇರೆ. ಅಲ್ಲಿಯವರು ಷರತ್ತಿನಲ್ಲೇ ಸಂಖ್ಯೆ ಬರೆಯುತ್ತಾರೆ, ಒಟ್ಟಾರೆ ಇಷ್ಟು ಶೇಕಡಾ ಎಂದು. ಆ ಗೆರೆ ದಾಟದಿದ್ದರೆ ಅವರ ಮರ್ಜಿ. ಅಲ್ಲಿಗೆ ಹೊರಟವರ ಭಯಕ್ಕೆ ನಿಜವಾಗಿಯೂ ಆಧಾರವಿತ್ತು.

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಬಂದು ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನಡಿ ಸೇರಿದವು. ಕೇಂದ್ರ ಕಚೇರಿ ಬೆಳಗಾವಿಯಲ್ಲಿ. ಯಾವುದಾದರೂ ಕಾಗದಕ್ಕೆ ಅವಸರವಾದರೆ ಮೈಸೂರಿನ ಹುಡುಗ ಬೆಂಗಳೂರಿಗೆ ಹೋಗಿ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತುತ್ತಿದ್ದ. ವೀಸಾಕ್ಕೆ ಚೆನ್ನೈಗೆ ಇನ್ನೊಂದು ರಾತ್ರಿಯ ಪಯಣ. ಘಟಿಕೋತ್ಸವ ತಿಂಗಳುಗಟ್ಟಲೆ ತಡವಾಗುತ್ತಿದ್ದುದರಿಂದ ಪಿಡಿಸಿ ಎಂಬ ತಾತ್ಕಾಲಿಕ ಪದವಿ ಪ್ರಮಾಣಪತ್ರವೇ ಎಲ್ಲರ ಊರುಗೋಲು. ಅದನ್ನು ಅಮೆರಿಕದವರು ಸಾಮಾನ್ಯವಾಗಿ ಒಪ್ಪುತ್ತಿದ್ದರು.

ಸೀಟು ಕೈತಪ್ಪಿದ್ದನ್ನು ನಾನು ಕಂಡದ್ದು ಇಂಥ ಕಾಗದದ ತೊಡಕುಗಳಲ್ಲೇ. ಒಬ್ಬನ ಒಂದು ವಿಷಯದ ಫಲಿತಾಂಶ ತಡೆಹಿಡಿಯಲ್ಪಟ್ಟಿತ್ತು. ಇನ್ನೊಬ್ಬ ಒಂದು ವಿಷಯದಲ್ಲಿ ಕೆಲವೇ ಅಂಕಗಳಿಂದ ಫೇಲಾಗಿ ರಿವ್ಯಾಲ್ಯುಯೇಶನ್‌ಗೆ ಹಾಕಿದ. ಪಾಸಾದನೆಂದು ತಿಳಿಯುವ ಹೊತ್ತಿಗೆ ಅಲ್ಲಿ ಸೇರ್ಪಡೆಯ ಕೊನೆಯ ದಿನ ದಾಟಿತ್ತು. ಆ ಮಗುವಿನ ತಪ್ಪು ಏನೂ ಇರಲಿಲ್ಲ. ಅವನಿಗೆ ಆದ ನಷ್ಟ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದಾದ ಮೇಲೆ ನಮ್ಮ ಪ್ರಿನ್ಸಿಪಾಲರಿಗೆ ಹೇಳಿ ಒಂದು ಪತ್ರದ ನಮೂನೆ ಮಾಡಿಸಿದೆ. ಈ ವಿದ್ಯಾರ್ಥಿ ಎಂಟನೇ ಸೆಮಿಸ್ಟರ್‌ನ ಎಲ್ಲ ಪರೀಕ್ಷೆ ಬರೆದಿದ್ದಾನೆ, ಫಲಿತಾಂಶ ಇಂಥ ತಿಂಗಳು ನಿರೀಕ್ಷಿತ, ನಮ್ಮಲ್ಲಿ ಮೌಲ್ಯಮಾಪನ ವಿಶ್ವವಿದ್ಯಾನಿಲಯದ ಕೈಯಲ್ಲಿದೆ ಎಂದು. ಅನೇಕ ವಿಶ್ವವಿದ್ಯಾನಿಲಯಗಳು ಅದನ್ನು ನೋಡಿ ಸೇರಿಸಿಕೊಂಡವು. ಅಂತಿಮ ದಾಖಲೆ ತಲುಪದಿದ್ದರೆ ಎರಡನೇ ಸೆಮಿಸ್ಟರ್‌ಗೆ ನೋಂದಣಿ ತಡೆಯುತ್ತೇವೆ ಎಂದಷ್ಟೇ ಅವರ ಷರತ್ತು.

2020ರಲ್ಲಿ ಕೋವಿಡ್ ಬಂದು ಎಲ್ಲರ ಕ್ಯಾಲೆಂಡರೂ ಒಟ್ಟಿಗೆ ಕೆಟ್ಟಿತು. ಮಾರ್ಚ್‌ನಲ್ಲಿ ಕಾನ್ಸುಲೇಟುಗಳು ವೀಸಾ ಸಂದರ್ಶನ ನಿಲ್ಲಿಸಿದವು. ಅಮೆರಿಕದ ಕಾಲೇಜುಗಳು ತಮ್ಮ ಮಕ್ಕಳಿಗೆ ಗ್ರೇಡಿನ ಬದಲು ಪಾಸ್ ಅಥವಾ ಫೇಲ್ ಎಂದಷ್ಟೇ ಕೊಡಲು ಶುರುಮಾಡಿದವು. ಅದನ್ನು ಕುಂದೆಂದು ಎಣಿಸುವುದಿಲ್ಲ ಎಂದು ಹಲವು ಗ್ರಾಜುಯೇಟ್ ಸ್ಕೂಲುಗಳು ಪ್ರಕಟಿಸಿದವು. ಇಲ್ಲಿ ಕೆಳಗಿನ ಸೆಮಿಸ್ಟರ್‌ನವರನ್ನು ಪರೀಕ್ಷೆಯಿಲ್ಲದೆ ಮುಂದೆ ಕಳಿಸಿದರು. ಕೊನೆಯ ವರ್ಷದವರಿಗೆ ಮಾತ್ರ ಪರೀಕ್ಷೆ ಕಡ್ಡಾಯ ಎಂದು ಯುಜಿಸಿ ಜುಲೈ 6ರಂದು ಹೇಳಿತು. ಪರೀಕ್ಷೆಯಿಲ್ಲದೆ ಪದವಿ ಕೊಡುವಂತಿಲ್ಲ ಎಂದು ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಷ್ಟರಲ್ಲಿ ಅಮೆರಿಕದಲ್ಲಿ ತರಗತಿ ಶುರುವಾಗಿಹೋಗಿತ್ತು.

ಆ ವರ್ಷದ ನಮ್ಮ ಒಬ್ಬ ಹುಡುಗನಿಗೆ ಅಲ್ಲಿಯವರು ಪ್ರವೇಶವನ್ನು ಜನವರಿಗೆ ಮುಂದೂಡಿಕೊಟ್ಟರು. ಮಾಸ್ಕ್ ಹಾಕಿಕೊಂಡೇ ಪರೀಕ್ಷೆ ಬರೆದ. ಹಿಂದಿನ ಸೆಮಿಸ್ಟರ್‌ಗಿಂತ ಅಂಕ ಸಾಕಷ್ಟು ಇಳಿದಿತ್ತು. ಅಂಕಪಟ್ಟಿ, ಪಿಡಿಸಿ ಎರಡನ್ನೂ ಸ್ಕ್ಯಾನ್ ಮಾಡಿ ಕಳಿಸಿದೆವು. ಅಂಕದ ಬಗ್ಗೆ ಅಲ್ಲಿಂದ ಯಾರೂ ಕೇಳಲಿಲ್ಲ. ಬಂದದ್ದು ಒಂದೇ ಇಮೇಲ್: ಪಿಡಿಸಿಯ ಮೇಲಿನ ದಿನಾಂಕ ಸರಿಯಾಗಿ ಕಾಣುತ್ತಿಲ್ಲ, ಇನ್ನೊಮ್ಮೆ ಕಳಿಸಿ.