ಕಪ್ಪು ಚೀಲದಲ್ಲಿ ಬಂದ ಒಂದು ಲಕ್ಷ ಡಾಲರ್: ಟೀಪಾಟ್ ಡೋಮ್ ತನಿಖೆಯ ಕಥೆ

‘ಇವತ್ತಿನ ವಿಷಯ ಶಾಸನಸಭೆಯ ಸಮಿತಿ’ ಅಂತ ಶುರು ಮಾಡಿದ್ರೆ ನಿಮ್ಮಲ್ಲಿ ಅರ್ಧ ಜನ ಇಯರ್‌ಫೋನ್ ತೆಗೆದಿಡ್ತೀರಿ ಅಂತ ನನಗೆ ಗೊತ್ತು. ಅದಕ್ಕೇ ನೆಲದಡಿಯ ಎಣ್ಣೆಯಿಂದ, ಅದನ್ನು ಗುಟ್ಟಾಗಿ ಎತ್ತಿಕೊಟ್ಟ ಮಂತ್ರಿಯಿಂದ ಶುರು ಮಾಡ್ತೀನಿ. ಸಮಿತಿ ಆಮೇಲೆ ತಾನಾಗೇ ಬರುತ್ತೆ.

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಟೀಪಾಟ್ ಡೋಮ್ ಅಂತ ಒಂದು ಜಾಗ. ಅಲ್ಲಿ ಟೀ ಪಾಟಿನ ಹಾಗೆ ಕಾಣುವ ಒಂದು ಬಂಡೆ ಇತ್ತು, ಹೆಸರು ಬಂದಿದ್ದು ಅದರಿಂದ. ಬಂಡೆಯ ಮೂತಿ ಆಮೇಲೆ ಮುರಿದುಬಿತ್ತು, ಹೆಸರು ಮಾತ್ರ ಉಳಿಯಿತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಬದಲಾಗುತ್ತಿತ್ತು. ಯುದ್ಧದ ಸಮಯದಲ್ಲಿ ಎಣ್ಣೆ ಸಿಗದಿದ್ರೆ ಹಡಗು ನಿಂತಲ್ಲೇ ನಿಲ್ಲುತ್ತೆ. ಹಾಗಾಗಿ ಸರ್ಕಾರ ಕೆಲವು ಎಣ್ಣೆ ಪ್ರದೇಶಗಳನ್ನು ನೌಕಾಪಡೆಗೆ ಅಂತ ಮೀಸಲಿಟ್ಟಿತು. 1912ರಲ್ಲಿ ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್ ಮತ್ತು ಬ್ಯೂನಾ ವಿಸ್ಟಾ, 1915ರಲ್ಲಿ ಟೀಪಾಟ್ ಡೋಮ್. ನಮ್ಮ ಅಜ್ಜಿಯರು ಕಷ್ಟಕಾಲಕ್ಕೆ ಅಂತ ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡ್ತಿದ್ರಲ್ಲ, ಹಾಗೆ.

1921ರಲ್ಲಿ ವಾರೆನ್ ಹಾರ್ಡಿಂಗ್ ಅಧ್ಯಕ್ಷರಾದರು. ಇಂಟೀರಿಯರ್ ಇಲಾಖೆಗೆ ಆಲ್ಬರ್ಟ್ ಫಾಲ್ ಮಂತ್ರಿಯಾದ. ಇದು ನಮ್ಮ ಗೃಹ ಇಲಾಖೆಯ ಥರದ್ದಲ್ಲ. ಸರ್ಕಾರಿ ಜಮೀನು, ಖನಿಜ ಇಂಥವನ್ನು ನೋಡಿಕೊಳ್ಳುವ ಇಲಾಖೆ. ಕೆಲವೇ ತಿಂಗಳಲ್ಲಿ ಹಾರ್ಡಿಂಗ್ ಒಂದು ಆದೇಶಕ್ಕೆ ಸಹಿ ಹಾಕಿದರು. ಮೀಸಲು ಎಣ್ಣೆಯ ಉಸ್ತುವಾರಿ ನೌಕಾಪಡೆಯ ಕೈಯಿಂದ ಫಾಲ್ ಕೈಗೆ ಬಂತು. ಸಾಸಿವೆ ಡಬ್ಬಿ ಅಜ್ಜಿಯ ಕೈತಪ್ಪಿತು ಅನ್ನಿ. 1922ರಲ್ಲಿ ಆತ ಟೀಪಾಟ್ ಡೋಮನ್ನು ಹ್ಯಾರಿ ಸಿಂಕ್ಲೇರ್ ಎಂಬ ಎಣ್ಣೆ ಉದ್ಯಮಿಯ ಕಂಪನಿಗೆ ಗುತ್ತಿಗೆ ಕೊಟ್ಟ. ಎಲ್ಕ್ ಹಿಲ್ಸ್ ಎಡ್ವರ್ಡ್ ಡೊಹೆನಿಯ ಕಂಪನಿಗೆ ಹೋಯಿತು. ಟೆಂಡರ್ ಇಲ್ಲ, ಪೈಪೋಟಿ ಇಲ್ಲ. ಏಪ್ರಿಲ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಸುದ್ದಿ ಮಾಡಿದ ಮೇಲೇ ಜನರಿಗೆ ಗೊತ್ತಾಗಿದ್ದು.

ಈಗ ಬರುತ್ತೆ ನೋಡಿ ಸಮಿತಿ. ವಿಸ್ಕಾನ್ಸಿನ್‌ನ ಸೆನೆಟರ್ ರಾಬರ್ಟ್ ಲಾ ಫಾಲೆಟ್, ಇದರ ತನಿಖೆ ಆಗಬೇಕು ಅಂತ ನಿರ್ಣಯ ತಂದರು. ಸೆನೆಟ್ ಒಪ್ಪಿತು. ತನಿಖೆ ಹೋಗಿದ್ದು ಸಾರ್ವಜನಿಕ ಭೂಮಿಯ ಸಮಿತಿಗೆ. ಇವತ್ತು ಸೆನೆಟ್‌ನಲ್ಲಿರುವ ಇಂಧನ ಮತ್ತು ನೈಸರ್ಗಿಕ ಸಂಪನ್ಮೂಲ ಸಮಿತಿಯ ಪೂರ್ವಜ ಅದೇ. ಅದರ ಬೇರು 1816ರಷ್ಟು ಹಳೆಯದು. 1973ರ ತೈಲ ಬಿಕ್ಕಟ್ಟು ಅಮೆರಿಕವನ್ನು ಅಲ್ಲಾಡಿಸಿದ ಮೇಲೆ, 1977ರಲ್ಲಿ ಈಗಿನ ಹೆಸರು ಬಂತು.

ಸಮಿತಿಯಲ್ಲಿ ಬಹುಮತ ಮಂತ್ರಿಯ ಪಕ್ಷದ್ದೇ, ಅಂದ್ರೆ ರಿಪಬ್ಲಿಕನ್ನರದು. ತಲೆಬಿಸಿಯ ಕೆಲಸ, ಏನೂ ಸಿಗಲ್ಲ ಅನ್ನೋ ಲೆಕ್ಕಾಚಾರ ಅವರದು. ತನಿಖೆ ನಡೆಸುವ ಜವಾಬ್ದಾರಿಯನ್ನು ವಿರೋಧ ಪಕ್ಷದ ಅತಿ ಕಿರಿಯ ಸದಸ್ಯ, ಮೊಂಟಾನಾದ ಥಾಮಸ್ ವಾಲ್ಶ್‌ಗೆ ಬಿಟ್ಟರು. ಫಾಲ್ ಒಂದು ಲಾರಿ ತುಂಬ ಕಾಗದಪತ್ರ ಕಳಿಸಿಕೊಟ್ಟ. ಇದು ಬಹಳ ಹಳೆಯ ಉಪಾಯ ಕಣ್ರೀ, ಏನನ್ನೂ ಕೊಡದಿದ್ರೆ ಅನುಮಾನ ಬರುತ್ತೆ, ರಾಶಿ ಹಾಕಿಬಿಟ್ರೆ ಯಾರೂ ಓದಲ್ಲ. ವಾಲ್ಶ್ ವಕೀಲರು, ಕೂತು ಓದಿದರು. ಬಹಿರಂಗ ವಿಚಾರಣೆ ಶುರುವಾಗಿದ್ದು 1923ರ ಅಕ್ಟೋಬರ್‌ನಲ್ಲಿ, ನಿರ್ಣಯವಾಗಿ ಸುಮಾರು ಒಂದೂವರೆ ವರ್ಷದ ಮೇಲೆ. ಅಷ್ಟರಲ್ಲಿ ಫಾಲ್ ಮಂತ್ರಿಗಿರಿ ಬಿಟ್ಟಿದ್ದ, ಹಾರ್ಡಿಂಗ್ ತೀರಿಕೊಂಡಿದ್ದರು.

ಮೊದಲ ದಿನಗಳು ನೀರಸ. ಭೂವಿಜ್ಞಾನಿಗಳು ಬಂದರು, ನೆಲದಡಿ ಎಷ್ಟು ಎಣ್ಣೆ ಇದೆ, ಪಕ್ಕದ ಬಾವಿಗಳಿಗೆ ಎಷ್ಟು ಸೋರಿ ಹೋಗ್ತಿದೆ ಅಂತ ವಾದ. ಗುತ್ತಿಗೆ ಕೊಟ್ಟಿದ್ದು ದೇಶದ ಹಿತಕ್ಕೇ ಅಂತ ಫಾಲ್ ಹೇಳಿ ಹೋದ. ಕಥೆ ತಿರುಗಿದ್ದು ನ್ಯೂ ಮೆಕ್ಸಿಕೋದಿಂದ ಬಂದ ಸಾಕ್ಷಿಗಳಿಂದ. ಫಾಲ್‌ಗೆ ಅಲ್ಲೊಂದು ದೊಡ್ಡ ರ‍್ಯಾಂಚ್ ಇತ್ತು, ದನ ಸಾಕುವ ಜಮೀನು. ವರ್ಷಗಟ್ಟಲೆ ತೆರಿಗೆ ಕಟ್ಟಲಾಗದೆ ಪರದಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದ ಹಾಗೆ ಬಾಕಿ ತೀರಿಸಿದ್ದಾನೆ, ಪಕ್ಕದ ಜಮೀನು ಕೊಂಡಿದ್ದಾನೆ, ಒಳ್ಳೇ ತಳಿಯ ದನ ಬಂದಿವೆ. ದುಡ್ಡು ಎಲ್ಲಿಂದ ಬಂತು? ನನ್ನ ಮಟ್ಟಿಗೆ ಇಡೀ ತನಿಖೆಯ ಜೀವಾಳ ಈ ಒಂದು ಪ್ರಶ್ನೆ. ಹಳ್ಳಿಯ ಕಟ್ಟೆ ಮೇಲೆ ಕೂತ ಯಾರು ಬೇಕಾದ್ರೂ ಕೇಳುವಂಥದ್ದು. ವಾಲ್ಶ್ ಅದನ್ನು ಪ್ರಮಾಣವಚನದ ಅಡಿಯಲ್ಲಿ ಕೇಳಿದರು, ವ್ಯತ್ಯಾಸ ಅಷ್ಟೆ.

ವಾಷಿಂಗ್ಟನ್ ಪೋಸ್ಟ್ ಮಾಲೀಕ ಎಡ್ವರ್ಡ್ ಮೆಕ್ಲೀನ್ ಒಂದು ಲಕ್ಷ ಡಾಲರ್ ಸಾಲ ಕೊಟ್ಟ ಅಂತ ಫಾಲ್ ಬರೆದು ತಿಳಿಸಿದ. ಮೆಕ್ಲೀನ್ ಫ್ಲೋರಿಡಾದಲ್ಲಿದ್ದ. ಹುಷಾರಿಲ್ಲ, ವಾಷಿಂಗ್ಟನ್ನಿಗೆ ಬರಕ್ಕಾಗಲ್ಲ ಅಂದ. ಸರಿ, ನಾನೇ ಬರ್ತೀನಿ ಅಂತ 1924ರ ಜನವರಿಯಲ್ಲಿ ವಾಲ್ಶ್ ಅಲ್ಲಿಗೇ ಹೋದರು. ತಾನು ಬರೆದ ಚೆಕ್‌ಗಳು ನಗದಾಗದೆ ವಾಪಸ್ ಬಂದಿದ್ದವು ಅಂತ ಮೆಕ್ಲೀನ್ ಒಪ್ಪಿಕೊಂಡ. ಅಂದ್ರೆ ಆ ದುಡ್ಡು ಅವನದಲ್ಲ.

ಸ್ವಲ್ಪ ದಿನದಲ್ಲೇ, ಸಿಂಕ್ಲೇರ್‌ನ ಕಾರ್ಯದರ್ಶಿ ಫಾಲ್‌ನ ಮೇಸ್ತ್ರಿಗೆ ಹೋದ 68 ಸಾವಿರ ಡಾಲರ್ ಬಗ್ಗೆ ಮಾತಾಡಿದ್ದ ಅಂತ ಒಬ್ಬರು ಸಾಕ್ಷ್ಯ ಹೇಳಿದರು. ಕಾರ್ಯದರ್ಶಿ ಬಂದು ಏನಂದ ಗೊತ್ತಾ? ನಾನು ‘ಸಿಕ್ಸ್ಟಿ ಎಯ್ಟ್ ಥೌ’ ಅಂದಿಲ್ಲ, ‘ಸಿಕ್ಸ್ ಆರ್ ಎಯ್ಟ್ ಕೌಸ್’, ಅಂದ್ರೆ ಆರೋ ಎಂಟೋ ಹಸು ಅಂದಿದ್ದು, ಅವರ ಕಿವಿಗೆ ತಪ್ಪಾಗಿ ಬಿದ್ದಿದೆ ಅಂದ!

ಜನವರಿ 24ರಂದು ಡೊಹೆನಿ ತಾನಾಗೇ ಬಂದು ಸಮಿತಿಯ ಮುಂದೆ ಕೂತ. ಒಂದು ಲಕ್ಷ ಕೊಟ್ಟಿದ್ದು ನಾನೇ ಅಂದ. ಮಗನ ಕೈಯಲ್ಲಿ, ಸಣ್ಣ ಕಪ್ಪು ಚೀಲದಲ್ಲಿ, ನಗದಾಗಿ. ಹಳೇ ಗೆಳೆಯನಿಗೆ ಕೊಟ್ಟ ಸಾಲ, ತನ್ನ ಪಾಲಿಗೆ ಅದು ಜುಜುಬಿ ಮೊತ್ತ ಅಂತಲೂ ಹೇಳಿಕೊಂಡ. ಸಾಲದ ಪತ್ರ ಆಮೇಲೆ ತೋರಿಸಿದ, ಆದರೆ ಸಹಿ ಇದ್ದ ಜಾಗ ಹರಿದಿತ್ತು. ಮುಂದಿನ ತಿಂಗಳು ಫಾಲ್‌ನನ್ನು ಕರೆದಾಗ, ಉತ್ತರ ಕೊಟ್ಟರೆ ನನಗೇ ಉರುಳಾಗುತ್ತೆ ಅಂತ ಬಾಯಿ ಬಿಡಲಿಲ್ಲ.

ಇಲ್ಲಿ ಗಮನಿಸಬೇಕಾದ್ದು, ಸಮಿತಿ ಯಾರಿಗೂ ಶಿಕ್ಷೆ ಕೊಡಲಿಲ್ಲ, ಆ ಅಧಿಕಾರ ಅದಕ್ಕಿರಲೂ ಇಲ್ಲ. ಕರೆಯೋದು, ಕೇಳೋದು, ದಾಖಲೆ ಮಾಡೋದು, ಇಷ್ಟೇ. ಆದರೆ ಎಲ್ಲವೂ ಪತ್ರಕರ್ತರ ಕಣ್ಣೆದುರು ನಡೆಯಿತು. ಕೆಲವು ದೊಡ್ಡ ಪತ್ರಿಕೆಗಳು ವಾಲ್ಶ್ ಮೇಲೇ ಮುಗಿಬಿದ್ದವು, ಮರ್ಯಾದಸ್ಥರ ಮಾನ ಕಳೀತಿದ್ದಾರೆ ಅಂತ. ನಮ್ಮ ಸಂಸತ್ತಿನಲ್ಲೂ 1993ರಿಂದ ಇಂಧನದ ಸ್ಥಾಯಿ ಸಮಿತಿ ಇದೆ, ಅದರ ಸಭೆಗಳು ನಡೆಯೋದು ಮುಚ್ಚಿದ ಬಾಗಿಲ ಹಿಂದೆ. ಸಾರ್ವಜನಿಕರಿಗೆ ಸಿಗೋದು ಕೊನೆಗೆ ಬರುವ ವರದಿ. ವಾಲ್ಶ್ ತನಿಖೆಯೂ ಹಾಗೇ ನಡೆದಿದ್ರೆ ಆ ಹಸುಗಳ ಕಥೆ ಅವತ್ತೇ ಇಡೀ ದೇಶದ ಬಾಯಿಗೆ ಬೀಳ್ತಿತ್ತಾ? ನನಗೆ ಅನುಮಾನ.

ಕರೆದಾಗ ಬರಲ್ಲ, ಕೇಳಿದ್ದಕ್ಕೆ ಹೇಳಲ್ಲ ಅಂದ್ರೆ ಏನು ಗತಿ? ಆ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅದೇ ಕಾಲದಲ್ಲಿ ಸೆನೆಟ್‌ನ ಇನ್ನೊಂದು ಸಮಿತಿ ಆಗಿನ ಅಟಾರ್ನಿ ಜನರಲ್ ತಮ್ಮನನ್ನು ಕರೆದಿತ್ತು, ಆತ ಬಂದಿರಲಿಲ್ಲ. ಕಾನೂನು ಮಾಡುವ ಸಭೆಗೆ ಮಾಹಿತಿ ಕೇಳುವ, ಸಾಕ್ಷಿಗಳನ್ನು ಕರೆಸುವ ಅಧಿಕಾರ ಇದ್ದೇ ಇದೆ ಅಂತ 1927ರಲ್ಲಿ ಕೋರ್ಟ್ ಹೇಳಿತು. ಉತ್ತರ ಕೊಡಲ್ಲ ಅಂತ ಹಟ ಹಿಡಿದಿದ್ದ ಸಿಂಕ್ಲೇರ್ 1929ರಲ್ಲಿ ಜೈಲಿಗೆ ಹೋದ.

ಎರಡೂ ಗುತ್ತಿಗೆ 1927ರಲ್ಲಿ ರದ್ದಾದವು. 1929ರಲ್ಲಿ ಲಂಚ ತಿಂದ ತಪ್ಪಿಗೆ ಫಾಲ್‌ಗೆ ಒಂದು ವರ್ಷ ಜೈಲು, ಒಂದು ಲಕ್ಷ ಡಾಲರ್ ದಂಡ. ಅಧಿಕಾರದಲ್ಲಿದ್ದಾಗ ಮಾಡಿದ ಅಪರಾಧಕ್ಕೆ ಜೈಲು ಸೇರಿದ ಅಮೆರಿಕದ ಮೊದಲ ಸಂಪುಟ ಸಚಿವ ಆತ. ಆದರೆ ಅದೇ ಲಂಚ ಕೊಟ್ಟ ಆರೋಪದಿಂದ ಡೊಹೆನಿ 1930ರಲ್ಲಿ ಖುಲಾಸೆ. ತಗೊಂಡವನಿಗೆ ಅದು ಲಂಚ, ಕೊಟ್ಟವನಿಗೆ ಅಲ್ಲ! ಟೀಪಾಟ್ ಡೋಮ್ ಸರ್ಕಾರದ ಹತ್ತಿರವೇ ಉಳಿದು, 2015ರಲ್ಲಿ 4.5 ಕೋಟಿ ಡಾಲರ್‌ಗೆ ಖಾಸಗಿಯವರಿಗೆ ಮಾರಾಟವಾಯಿತು.

ಫಾಲ್‌ನ ರ‍್ಯಾಂಚ್ ಏನಾಯ್ತು ಅಂತ ಕೇಳ್ತೀರೇನೋ. 1930ರ ದಶಕದಲ್ಲಿ ಡೊಹೆನಿಯ ಕಂಪನಿ ಅದನ್ನು ವಶಕ್ಕೆ ತಗೊಂಡು ಮುದುಕನನ್ನು ಹೊರಗೆ ಹಾಕಿತು. ಕಾರಣ, ತೀರಿಸದೇ ಉಳಿದ ಸಾಲ. ಹೌದು, ಕಪ್ಪು ಚೀಲದಲ್ಲಿ ಬಂದಿತ್ತಲ್ಲ, ಅದೇ.